ಗುಮ್ಮಟದೊಳಗೆ ಲೇಖಕರನ್ನು ಕೂರಿಸುವ ಮುನ್ನ: ವಸ್ತುಸಂಗ್ರಹಾಲಯದಲ್ಲಿ ಸಾಹಿತ್ಯ ಕಾರ್ಯಕ್ರಮ ನಡೆಸುವವರಿಗೆ

ಕಲಬುರಗಿಯಲ್ಲಿ ಪುಸ್ತಕ ಬಿಡುಗಡೆಗೆ ಜಾಗದ ಕೊರತೆಯಿಲ್ಲ. ಕನ್ನಡ ಭವನವಿದೆ, ಡಾ. ಎಸ್.ಎಂ. ಪಂಡಿತ ರಂಗಮಂದಿರವಿದೆ, ಕಾಲೇಜುಗಳ ಸಭಾಂಗಣಗಳಿವೆ. ಇಷ್ಟೆಲ್ಲ ಇದ್ದೂ ವಸ್ತುಸಂಗ್ರಹಾಲಯದಲ್ಲೇ ಮಾಡುತ್ತೇವೆ ಎನ್ನುವವರು ಅದಕ್ಕೆ ಕಾರಣ ಹೇಳಬಲ್ಲವರಾಗಿರಬೇಕು. ಲೇಖಕರ ಮಾತಿಗೂ ಅಲ್ಲಿರುವ ಕಲ್ಲು, ಲೋಹ, ಚಿತ್ರಕ್ಕೂ ನಂಟಿದ್ದರೆ ಅದೇ ಕಾರಣ. ನಂಟಿಲ್ಲದಿದ್ದರೆ ಎರಡು ಸಾವಿರ ವರ್ಷದ ಶಿಲ್ಪಗಳು ಬ್ಯಾನರಿನ ಹಿಂದೆ ಮರೆಯಾಗಿ ನಿಲ್ಲುತ್ತವೆ, ನಿಮಗೆ ಮೈಕು, ಬೆಳಕು, ಅನುಮತಿಯ ತಾಪತ್ರಯ ಮಾತ್ರ ಉಳಿಯುತ್ತದೆ. ಅಂಥ ಕಾರ್ಯಕ್ರಮಕ್ಕೆ ರಂಗಮಂದಿರವೇ ಲೇಸು.

ವಸ್ತು ಮೊದಲು, ಪುಸ್ತಕ ಆಮೇಲೆ

ಲೇಖಕರನ್ನು ಗೊತ್ತುಮಾಡುವ ಮೊದಲು ಸಂಗ್ರಹಾಲಯಕ್ಕೆ ಹೋಗಿ ನಿಧಾನವಾಗಿ ಸುತ್ತಾಡಿ. ಮಾತಿಗೆ ಎಳೆ ಕೊಡಬಲ್ಲ ಒಂದು ವಸ್ತು ಸಿಕ್ಕರೆ ಸಾಕು, ಎರಡಿದ್ದರೆ ಒಳ್ಳೆಯದು, ಮೂರಾದರೆ ಮಾತು ಚದುರುತ್ತದೆ. ಆ ವಸ್ತುವಿನ ಮುಂದೆ ಹತ್ತು ಜನ ನಿಂತು ನೋಡಲು ಜಾಗವಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಮೂಲೆಯ ಕಪಾಟಿನಲ್ಲಿರುವ ಪುಟ್ಟ ನಾಣ್ಯ ಎಷ್ಟೇ ದೊಡ್ಡ ಕಥೆ ಹೇಳಿದರೂ ಕೊನೆಯ ಸಾಲಿನವರಿಗೆ ಕಾಣುವುದಿಲ್ಲ.

ಕಲಬುರಗಿಯ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಹಳೆಯ ಗುಮ್ಮಟಗಳೊಳಗೇ ಇದೆ. ಸನ್ನತಿಯ ಬೌದ್ಧ ಶಿಲ್ಪಗಳು ಅಲ್ಲಿನ ಮುಖ್ಯ ಆಸ್ತಿ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು. ಆ ಕಲ್ಲು ಅಷ್ಟು ಕಾಲವೂ ಮೂರ್ತಿಗೆ ಪೀಠವಾಗಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ‘ರಾಯ ಅಸೋಕ’ ಎಂಬ ಬ್ರಾಹ್ಮಿ ಬರಹವಿರುವ ಶಿಲ್ಪ ಸಿಕ್ಕಿತು. ನದಿ, ಮುಳುಗಡೆ, ಮರೆವು, ಧರ್ಮ ಬದಲಾದರೂ ಬದಲಾಗದ ಪೂಜೆಯ ಜಾಗ, ಇವುಗಳ ಬಗ್ಗೆ ಬರೆದ ಕಥೆಗಾರರಿಗೆ, ಕವಿಗಳಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಇತಿಹಾಸಕಾರರನ್ನೇ ಕರೆಯಬೇಕೆಂದಿಲ್ಲ. ಇತಿಹಾಸ ಬಲ್ಲವರೊಬ್ಬರು ಸಂವಾದಕರಾಗಿ ಪಕ್ಕದಲ್ಲಿ ಕೂತರೆ ಸಾಕು.

ಬೀದರಿನವರಿಗೆ ಬಿದರಿ ಕಲೆ ಕೈಯಳತೆಯಲ್ಲೇ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪಾಗಿಸುವ ಕೆಲಸ ಅದು. ಭೌಗೋಳಿಕ ಸೂಚಕದ ಮಾನ್ಯತೆ 2006ರಲ್ಲಿ ಬಂತು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿದರಿ ಹುಕ್ಕಾ ಬುಡಗಳು ಗಾಜಿನೊಳಗಿವೆ, ಬೀದರಿನಲ್ಲಾದರೆ ಅದನ್ನು ಮಾಡುವ ಕೈಯನ್ನೇ ಸಂವಾದಕ್ಕೆ ಕರೆಯಬಹುದು. ದುಡಿಮೆಯ ಬಗ್ಗೆ, ಕುಲಕಸುಬಿನ ಬಗ್ಗೆ ಬರೆಯುವ ಕಾದಂಬರಿಕಾರರನ್ನೂ ಒಬ್ಬ ಬಿದರಿ ಕುಶಲಕರ್ಮಿಯನ್ನೂ ಅಕ್ಕಪಕ್ಕ ಕೂರಿಸಿ. ಕುಶಲಕರ್ಮಿಗೂ ಲೇಖಕರಷ್ಟೇ ಗೌರವಧನ ಕೊಡಬೇಕು, ಲೇಖಕರಷ್ಟೇ ಎತ್ತರದ ಕುರ್ಚಿ ಹಾಕಬೇಕು. ಹೊರಗೆ ಮಳಿಗೆ ಹಾಕಿಕೊಟ್ಟು ಕೈತೊಳೆದುಕೊಳ್ಳುವ ರೂಢಿ ಬಿಡುವುದು ಒಳ್ಳೆಯದು.

ಅನುವಾದಕರಿಗೆ ಬೀದರಿನಲ್ಲಿ ಬೇರೊಂದು ದಾರಿಯಿದೆ. 1472ರ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನಿನವನು. ಅರಬ್ಬಿ, ಫಾರಸಿ, ದಖನಿ, ಕನ್ನಡ ಒಂದೇ ಊರಲ್ಲಿ ಬದುಕಿದವು, ಮದರಸಾದ ಬಣ್ಣದ ಹೆಂಚಿನ ಮೇಲೆ ಅರಬ್ಬಿ ಬರಹ ಇಂದಿಗೂ ಇದೆ. ಯಾದಗಿರಿ ಜಿಲ್ಲೆಯವರು ಸುರಪುರದತ್ತ ನೋಡಲಿ: ಗರುಡಾದ್ರಿ ಚಿತ್ರಕಲೆಯ ಊರು ಅದು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆಡಳಿತ ನಡೆಸಿ ಬರವಣಿಗೆಯನ್ನೂ ಮಾಡಿದ ಊರು.

ವಸ್ತು ಗೊತ್ತಾದ ಮೇಲೆ ಲೇಖಕರಿಗೆ ಅದರ ಮೂರು ಫೋಟೊ ಮತ್ತು ಒಂದು ಪುಟದ ವಿವರ ಕಳಿಸಿ. ಕನಿಷ್ಠ ಹದಿನೈದು ದಿನ ಮೊದಲು. ಅದನ್ನು ನೋಡಿದ ಮೇಲೆ ತಮ್ಮ ಪುಸ್ತಕದಿಂದ ಎರಡು ಭಾಗ ಆರಿಸಿಕೊಳ್ಳಲಿ. ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಲೇಖಕರು ಮರುದಿನ “ಇಂಥ ಪರಂಪರೆಯ ತಾಣದಲ್ಲಿ ಮಾತಾಡುವುದು ನನ್ನ ಭಾಗ್ಯ” ಎಂದು ಹೇಳಿ, ಎಲ್ಲ ಊರಲ್ಲೂ ಮಾಡುವ ಭಾಷಣವನ್ನೇ ಇಲ್ಲೂ ಮಾಡುತ್ತಾರೆ. ತಪ್ಪು ಅವರದಲ್ಲ.

ಅನುಮತಿ: ಕಟ್ಟಡ ಯಾರದು?

ಇದನ್ನು ಕೇಳದೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರೇ ಹೆಚ್ಚು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕವಾದರೆ 1959ರ ನಿಯಮಗಳ ಪ್ರಕಾರ ಸಭೆ, ಸತ್ಕಾರಕೂಟ, ಮನರಂಜನೆ ಯಾವುದಕ್ಕೂ ಲಿಖಿತ ಅನುಮತಿ ಬೇಕು. ಅದನ್ನು ಕೊಡುವ ಅಧಿಕಾರ ಸ್ಥಳೀಯ ಸಿಬ್ಬಂದಿಗಿಲ್ಲ. ಗೇಟಿನಲ್ಲಿರುವ ಕಾವಲುಗಾರ ಪರಿಚಯದವನೆಂಬ ಧೈರ್ಯದ ಮೇಲೆ ಮೈಕ್ ತೆಗೆದುಕೊಂಡು ಹೋದರೆ ಅವನ ಕೆಲಸಕ್ಕೇ ಕುತ್ತು. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮ್ಯೂಸಿಯಂ ಆದರೆ ಕ್ಯುರೇಟರ್ (ಸಂಗ್ರಹ ನೋಡಿಕೊಳ್ಳುವ ಅಧಿಕಾರಿ) ಮೂಲಕ ಅರ್ಜಿ ಹೋಗಬೇಕು. ವಿಶ್ವವಿದ್ಯಾಲಯದ ಸಂಗ್ರಹವಾದರೆ ವಿಭಾಗದ ಮುಖ್ಯಸ್ಥರಿಂದ ಕುಲಸಚಿವರವರೆಗೆ.

ಅರ್ಜಿ ಒಂದೇ ಪುಟದಲ್ಲಿರಲಿ, ಆದರೆ ವಿವರ ಪೂರ್ತಿ ಇರಲಿ: ದಿನ, ಒಳಗೆ ಬರುವ ಹೊತ್ತು ಮತ್ತು ಹೊರಡುವ ಹೊತ್ತು, ಗರಿಷ್ಠ ಜನಸಂಖ್ಯೆ, ಯಾವ ಕೋಣೆ, ಒಳಗೆ ತರುವ ಪ್ರತಿಯೊಂದು ಸಾಮಾನು (ಕುರ್ಚಿ ಎಷ್ಟು, ಸ್ಪೀಕರ್ ಎಷ್ಟು ವ್ಯಾಟ್), ಒಳಗೆ ಊಟ-ತಿಂಡಿ, ದೀಪ, ಊದುಬತ್ತಿ ಇರುವುದಿಲ್ಲವೆಂಬ ಮಾತು, ಹೊಣೆಗಾರರೊಬ್ಬರ ಹೆಸರು. ಕೋಣೆಯ ನಕ್ಷೆಯನ್ನು ಕೈಯಲ್ಲೇ ಬರೆದು ಕುರ್ಚಿಗಳ ಜಾಗ ಗುರುತಿಸಿ ಲಗತ್ತಿಸಿದರೆ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ. “ಸಾಹಿತ್ಯ ಕಾರ್ಯಕ್ರಮಕ್ಕೆ ಸ್ಥಳಾವಕಾಶ ಕೋರಿ” ಎಂದಷ್ಟೇ ಬರೆದ ಅರ್ಜಿಯನ್ನು ಓದುವ ಅಧಿಕಾರಿಗೆ ಐನೂರು ಜನ, ಪೆಂಡಾಲು, ಪಟಾಕಿ ಎಲ್ಲ ಕಣ್ಣಮುಂದೆ ಬರುತ್ತದೆ. ಅವರು ಬೇಡವೆನ್ನುವುದು ಸಹಜ. ಎರಡು ತಿಂಗಳು ಮೊದಲೇ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸರ ಲಿಖಿತ ಅನುಮತಿ ಬೇರೆ. ಸ್ಮಾರಕದ ಆವರಣದಲ್ಲಿ ಶಾಮಿಯಾನಕ್ಕೆ ಗುಂಡಿ ತೋಡಿ ಕಂಬ ನೆಡಬೇಡಿ. ನೆಲದೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ತಳವಿರುವ ಕಂಬಗಳಿಗೆ ಮರಳಿನ ಚೀಲ ಹೇರಿ ನಿಲ್ಲಿಸಲು ಶಾಮಿಯಾನದವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಅವರು ಹಾರೆ ತಂದೇ ಬರುತ್ತಾರೆ.

ಅನುಮತಿ ಸಿಗಲಿಲ್ಲವೇ? ಬೆಳಿಗ್ಗೆ ಎಲ್ಲರೂ ಮಾಮೂಲಿ ಪ್ರವಾಸಿಗರ ಹಾಗೆ ಟಿಕೆಟ್ ಇರುವಲ್ಲಿ ಟಿಕೆಟ್ ಪಡೆದು ಒಳಹೋಗಿ, ಮೈಕಿಲ್ಲದೆ, ಬ್ಯಾನರಿಲ್ಲದೆ ಲೇಖಕರ ಜೊತೆ ವಸ್ತುಗಳನ್ನು ನೋಡಿ ಬನ್ನಿ. ಸಂಜೆ ಊರೊಳಗಿನ ಸಭಾಂಗಣದಲ್ಲಿ ಸಂವಾದ ಮಾಡಿ. ಇದು ಎಷ್ಟೋ ಸಲ ಒಳಗಿನ ಕಾರ್ಯಕ್ರಮಕ್ಕಿಂತ ಚೆನ್ನಾಗಿರುತ್ತದೆ, ಏಕೆಂದರೆ ಬೆಳಿಗ್ಗೆ ಕಂಡದ್ದು ಸಂಜೆಯ ಮಾತಿನಲ್ಲಿ ತಾನಾಗಿ ಬರುತ್ತದೆ.

ದಿನ, ಹೊತ್ತು

ಸರ್ವೇಕ್ಷಣೆಯ ತಾಣ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ರಾಜ್ಯ ಇಲಾಖೆಯವುಗಳ ವಾರದ ರಜೆ ಬೇರೆ ದಿನ ಇರುತ್ತದೆ, ಅಲ್ಲೇ ಕೇಳಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17ರ ಆಸುಪಾಸು ಬಿಟ್ಟುಬಿಡಿ. ಲಾಡ್ಜ್ ಸಿಗುವುದಿಲ್ಲ, ರಸ್ತೆ ತುಂಬಿರುತ್ತದೆ, ಅಧಿಕಾರಿಗಳೂ ಕೈಗೆ ಸಿಗುವುದಿಲ್ಲ.

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ನಮ್ಮ ಕಡೆ ಸಂಜೆಯೂ ಹಿತ. ಮಾರ್ಚಿನಿಂದ ಸಂಜೆ ಬೇಡ. ದಪ್ಪ ಗೋಡೆಯ ಕಟ್ಟಡ ಹಗಲೆಲ್ಲ ಬಿಸಿಲು ಕುಡಿದು, ಹೊರಗೆ ಗಾಳಿ ತಣ್ಣಗಾಗುವ ಹೊತ್ತಿಗೆ ಒಳಗಿನವರಿಗೆ ಆ ಕಾವು ಬಿಡುತ್ತದೆ. ಅದೇ ಗೋಡೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ತಂಪಾಗಿರುತ್ತದೆ. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಆ ಎರಡು ಗಂಟೆ ನಂಬಬಹುದು. ಬೆಂಗಳೂರಿನಿಂದ ರಾತ್ರಿ ರೈಲಿಗೆ ಹತ್ತಿ ಬರುವ ಲೇಖಕರಿಗೆ ಅದೇ ಬೆಳಿಗ್ಗೆ ಕಾರ್ಯಕ್ರಮ ಇಡಬೇಡಿ. ಒಂದು ದಿನ ಮೊದಲೇ ಬರಲಿ, ಸಂಜೆ ಕೋಣೆಯನ್ನು ನೋಡಲಿ.

ಕುರ್ಚಿಯ ಲೆಕ್ಕ

ಕೋಣೆ 30 ಅಡಿ ಉದ್ದ, 20 ಅಡಿ ಅಗಲವಿದೆ ಎಂದುಕೊಳ್ಳಿ. ನಾಲ್ಕೂ ಗೋಡೆಗೆ ವಸ್ತುಗಳಿದ್ದರೆ ಸುತ್ತ 3 ಅಡಿ ಖಾಲಿ ಬಿಡಬೇಕು. ಉಳಿದದ್ದು 24 × 14 ಅಡಿ. ಮುಂದೆ ಮಾತಾಡುವವರಿಗೆ 5 ಅಡಿ ತೆಗೆದರೆ 19 ಅಡಿ ಉದ್ದ ಸಿಗುತ್ತದೆ, ಸಾಲಿಗೆ 3 ಅಡಿಯಂತೆ 6 ಸಾಲು. ಅಗಲದಲ್ಲಿ 3 ಅಡಿಯ ದಾರಿ ಕಳೆದರೆ 11 ಅಡಿ, ತೋಳಿಲ್ಲದ ಕುರ್ಚಿಯಾದರೆ 6. ಒಟ್ಟು 36. ಇದಕ್ಕಿಂತ ಒಂದೂ ಹೆಚ್ಚಿಗೆ ಹಾಕಬೇಡಿ, ನಿಂತು ನೋಡುವವರಿಗೆ ಒಳಗೆ ಜಾಗವಿಲ್ಲವೆಂದು ಆಮಂತ್ರಣದಲ್ಲೇ ಬರೆಯಿರಿ. ತಡವಾಗಿ ಬಂದವರು ಗೋಡೆಗೆ ಒರಗಿ ನಿಲ್ಲುತ್ತಾರೆ, ಗೋಡೆಯೆಂದು ಅವರು ಒರಗಿದ್ದು ವೀರಗಲ್ಲಾಗಿರುತ್ತದೆ.

ಕುರ್ಚಿಯ ಕಾಲಿಗೆ ರಬ್ಬರ್ ಬುಡ ಇರಲಿ. ಕಲ್ಲುಹಾಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು ಗುಮ್ಮಟದೊಳಗೆ ಕೇಳಲಾಗದು. ಮುಂದಿನ ಎರಡು ಸಾಲಿನ ಬದಲು ಜಮಖಾನ ಹಾಸಿದರೆ ಮಕ್ಕಳು, ವಿದ್ಯಾರ್ಥಿಗಳು ಕೂರಬಹುದು, ಹಿಂದಿನವರಿಗೂ ಚೆನ್ನಾಗಿ ಕಾಣುತ್ತದೆ, ದನಿಯ ಕಾಟವೂ ತಗ್ಗುತ್ತದೆ. ಹಳೆಯ ಗುಮ್ಮಟಗಳ ಹೊಸ್ತಿಲು ಎತ್ತರ, ಬಾಗಿಲು ತಗ್ಗು. ವಯಸ್ಸಾದವರಿಗೆ ಕೈಹಿಡಿಯಲು ಇಬ್ಬರು ಹುಡುಗರು ಬಾಗಿಲಲ್ಲೇ ಇರಲಿ, ಗಾಲಿಕುರ್ಚಿಯವರಿಗೆ ಹಲಗೆಯ ಇಳಿಜಾರು ಮಾಡಿಸಿ.

ದನಿ: ಅತಿ ಹೆಚ್ಚು ಕೆಡುವುದು ಇದೇ

ಗುಮ್ಮಟದ ಕೆಳಗೆ ಒಂದೇ ಸಲ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಎಣಿಸಿ. ಒಂದು ಸೆಕೆಂಡಿನೊಳಗೆ ಅಡಗಿದರೆ ಚಿಂತೆಯಿಲ್ಲ. ಎರಡು ದಾಟಿದರೆ ಮಾತಿನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಸ್ವರ ಉಳಿಯುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಹಾಡು ಕೇಳಲು ಸೊಗಸು, ಗದ್ಯ ಕೇಳಲು ಶಿಕ್ಷೆ.

ಆಗ ನಮ್ಮವರು ಮಾಡುವ ಮೊದಲ ಕೆಲಸ ವಾಲ್ಯೂಮ್ ಏರಿಸುವುದು. ಅದರಿಂದ ಕೆಡುಕೇ ಹೆಚ್ಚು, ಏಕೆಂದರೆ ಗೋಡೆಯಿಂದ ವಾಪಸು ಬರುವ ದನಿಯೂ ಅಷ್ಟೇ ಏರುತ್ತದೆ. ಮೈಕ್‌ಸೆಟ್ಟಿನವರ ಎರಡು ದೊಡ್ಡ ಬಾಕ್ಸುಗಳನ್ನು ಹೊರಗೇ ಇರಿಸಿ. ಕೇಳುಗರ ಕಿವಿಯ ಎತ್ತರಕ್ಕೆ ನಾಲ್ಕು ಸಣ್ಣ ಸ್ಪೀಕರುಗಳನ್ನು, ಸಾಲುಗಳ ಎರಡೂ ಬದಿಗೆ, ಗೋಡೆಗೆ ಬೆನ್ನು ಮಾಡಿ ಕೇಳುಗರ ಕಡೆ ತಿರುಗಿಸಿ ಇಡಿ. ದನಿ ತಗ್ಗಿಸಿ. ದನಿ ಹುಟ್ಟುವ ಜಾಗ ಕಿವಿಗೆ ಹತ್ತಿರವಿದ್ದಷ್ಟೂ ಗುಮ್ಮಟಕ್ಕೆ ಹೋಗುವ ಪಾಲು ಕಡಿಮೆ. ಮಿಕ್ಸರಿನಲ್ಲಿ ಬೇಸ್ ಪೂರಾ ಇಳಿಸಿ. ಎಕೋ ಗುಂಡಿ ಸೊನ್ನೆಯಲ್ಲಿದೆಯೇ ಎಂದು ಖುದ್ದು ನೋಡಿ. ಮದುವೆಯ ಆರ್ಕೆಸ್ಟ್ರಾ ಮುಗಿಸಿ ಬಂದ ಮಿಕ್ಸರಿನಲ್ಲಿ ಅದು ಏರಿಯೇ ಇರುತ್ತದೆ.

ಮಾತಾಡುವವರು ಗುಮ್ಮಟದ ನಡುಮಧ್ಯೆ ಕೂರಬಾರದು. ಬಾಗಿದ ಮಾಳಿಗೆ ದನಿಯನ್ನು ಒಟ್ಟುಗೂಡಿಸಿ ಅವರ ತಲೆಯ ಮೇಲೇ ಸುರಿಯುತ್ತದೆ, ಅವರು ತಬ್ಬಿಬ್ಬಾಗುತ್ತಾರೆ. ಒಂದು ಬದಿಗೆ, ಕಮಾನಿನ ಬಾಯಿಗೆ ಹತ್ತಿರ ಕೂರಿಸಿ. ನೆಲಕ್ಕೆ ಜಮಖಾನ, ಬಾಗಿಲಿಗೆ ದಪ್ಪ ಪರದೆ. ಖಾಲಿ ಕೋಣೆಯಲ್ಲಿ ಗೊಂದಲವೆನಿಸಿದ್ದು ಜನ ತುಂಬಿದ ಮೇಲೆ ಅರ್ಧ ಸರಿಹೋಗುತ್ತದೆ, ಮೈ-ಬಟ್ಟೆಗಳು ದನಿ ಹೀರುತ್ತವೆ. ಮಾಮೂಲಾಗಿ ನಿಮಿಷಕ್ಕೆ ನೂರು ಪದದಂತೆ ಓದುವವರು ಇಲ್ಲಿ ಎಂಬತ್ತಕ್ಕೆ ಇಳಿಯಲಿ, ವಾಕ್ಯದ ಕೊನೆಗೆ ಒಂದು ಉಸಿರು ನಿಲ್ಲಲಿ. 25 ಜನರಿಗಿಂತ ಕಡಿಮೆಯಿದ್ದರೆ ಮೈಕೇ ಬೇಡ.

ಕರೆಂಟು ಹೋದೀತು. ಬ್ಯಾಟರಿಯಲ್ಲಿ ನಡೆಯುವ ಸ್ಪೀಕರ್ ತಂದರೆ ಜನರೇಟರಿನ ಗೋಜೇ ಇಲ್ಲ. ಜನರೇಟರ್ ತರಲೇಬೇಕಾದರೆ ಕನಿಷ್ಠ 50 ಅಡಿ ದೂರ, ಹೊಗೆ ಕಟ್ಟಡದತ್ತ ಬಾರದ ದಿಕ್ಕಿಗೆ. ಮತ್ತೊಂದು ಮಾತು: ಹಳೆಯ ಕಮಾನುಗಳ ಕೆಳಗೆ ಹೆಜ್ಜೇನು ಇದೆಯೇ ಎಂದು ಹಗಲಲ್ಲೇ ಕತ್ತೆತ್ತಿ ನೋಡಿ. ಹೊಗೆ, ಪಟಾಕಿ, ಡ್ರೋನ್ ಯಾವುದಕ್ಕಾದರೂ ಅವು ಏಳುತ್ತವೆ. ಗೂಡು ಕಂಡರೆ ಜಾಗ ಬದಲಿಸಿ, ಗೂಡನ್ನು ತೆಗೆಸಲು ಹೋಗಬೇಡಿ.

ದೀಪ, ಹಾರ, ಬೆಳಕು

ಉದ್ಘಾಟನೆಗೆ ದೀಪ ಹಚ್ಚುವುದಿದ್ದರೆ ಬಾಗಿಲ ಹೊರಗೆ. ಎಣ್ಣೆದೀಪದ ಮಸಿ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದರೆ ಒರೆಸಿದಷ್ಟೂ ಹರಡುತ್ತದೆ. ಹೂವಿನ ಹಾರದಲ್ಲಿ ನೀರೂ ಹುಳವೂ ಇರುತ್ತವೆ, ಹಣ್ಣಿನ ಬುಟ್ಟಿ ಇರುವೆ ಕರೆಯುತ್ತದೆ. ಹಳೆಯ ಹಸ್ತಪ್ರತಿ, ಬಟ್ಟೆ ಇರುವ ಕೋಣೆಗೆ ಹುಳವೆಂದರೆ ಗಂಡಾಂತರ. ಶಾಲು-ಹಾರದ ಸತ್ಕಾರವನ್ನು ಜಗುಲಿಯಲ್ಲಿ ಮುಗಿಸಿಕೊಂಡು ಒಳಗೆ ಬನ್ನಿ. ಇದರಲ್ಲೊಂದು ಅನುಕೂಲವೂ ಉಂಟು: ಹೊರಗೆ ನಿಂತುಕೊಂಡು ಯಾರೂ ಉದ್ದ ಭಾಷಣ ಮಾಡುವುದಿಲ್ಲ.

ಕಲ್ಲು, ಲೋಹಕ್ಕೆ ಬೆಳಕಿನಿಂದ ತೊಂದರೆಯಿಲ್ಲ. ಕಾಗದ, ಬಟ್ಟೆ, ತಾಳೆಗರಿ, ಜಲವರ್ಣದ ಚಿತ್ರಗಳಿಗೆ 50 ಲಕ್ಸ್ (ಬೆಳಕಿನ ಅಳತೆ) ಮಿತಿ, ತೈಲವರ್ಣಕ್ಕೆ 200. ಮೊಬೈಲ್ ಆ್ಯಪ್‌ನಲ್ಲಿ ಅಳೆದರೆ ಅಂದಾಜು ಸಿಗುತ್ತದೆ. ವಿಡಿಯೊದವರ ಹ್ಯಾಲೊಜನ್ ದೀಪ ಒಳಗೆ ಬೇಡವೇ ಬೇಡ, ಬೆಳಕಿಗಿಂತ ಅದರ ಕಾವೇ ಹೆಚ್ಚು. ಎರಡು ಎಲ್‌ಇಡಿ ಪ್ಯಾನೆಲ್ ಮಾತಾಡುವವರ ಮುಖಕ್ಕಷ್ಟೇ ಬೀಳುವಂತೆ ತಿರುಗಿಸಿ. ಬಿದರಿ ಸಾಮಾನು ಕೈಯಿಂದ ಕೈಗೆ ದಾಟಿಸುವ ಆಸೆಯಿದ್ದರೆ ಸಂಗ್ರಹದ್ದನ್ನು ಮುಟ್ಟಬೇಡಿ, ಕುಶಲಕರ್ಮಿಯಿಂದ ಹೊಸದೊಂದನ್ನು ತರಿಸಿ. ಬೆವರಿನ ಉಪ್ಪು ಲೋಹಕ್ಕೆ ಆಗದು. ಬ್ಯಾನರನ್ನು ಗೋಡೆಗೆ ಟೇಪಿನಿಂದ ಅಂಟಿಸದೆ ಸ್ಟ್ಯಾಂಡಿಗೆ ಕಟ್ಟಿ.

ತೊಂಬತ್ತು ನಿಮಿಷ

ಮೊದಲ 20 ನಿಮಿಷ ಕೂರುವುದೇ ಬೇಡ. ಹತ್ತು-ಹನ್ನೆರಡು ಜನರ ಮೂರು ಗುಂಪು ಮಾಡಿ ವಸ್ತುವಿನ ಮುಂದೆ ಕರೆದೊಯ್ಯಿರಿ, ಗುಂಪಿಗೆ ಆರು ನಿಮಿಷ. ಕ್ಯುರೇಟರ್ ಅಥವಾ ಬಲ್ಲವರೊಬ್ಬರು ವಿವರಿಸಲಿ, ಲೇಖಕರು ಸುಮ್ಮನೆ ಜೊತೆಗಿರಲಿ. ಆಮೇಲೆ ಸ್ವಾಗತ, ಪರಿಚಯ ಸೇರಿ 5 ನಿಮಿಷ. ಒಂದು ಓದು 7 ನಿಮಿಷ, ಸಂವಾದ 25, ಎರಡನೆಯ ಓದು 7, ಪ್ರಶ್ನೆಗೆ 20. ಉಳಿದ ಆರು ನಿಮಿಷ ನಮ್ಮ ಊರಿನ ತಡಕ್ಕೆ.

ವೇದಿಕೆಗೆ ಮೂರೇ ಕುರ್ಚಿ: ಲೇಖಕರು, ಸಂವಾದಕರು, ಮತ್ತು ಬೇಕಿದ್ದರೆ ಕುಶಲಕರ್ಮಿ ಅಥವಾ ಅನುವಾದಕರು. ಅಧ್ಯಕ್ಷತೆ, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರ ಪಟ್ಟಿ ಬೆಳೆಯತೊಡಗಿದರೆ ಅವರ ಹೆಸರನ್ನು ಪತ್ರಿಕೆಯಲ್ಲಿ ‘ಉಪಸ್ಥಿತಿ’ ಎಂದು ಹಾಕಿ ಮೊದಲ ಸಾಲಿನಲ್ಲಿ ಕೂರಿಸಿ. ಈ ಮಾತನ್ನು ಫೋನಿನಲ್ಲಿ ಹೇಳದೆ ಮನೆಗೆ ಹೋಗಿ ಹೇಳಿಬಂದರೆ ಮುನಿಸು ಬರುವುದಿಲ್ಲ.

ಸಂವಾದಕರ ಕೆಲಸ ಪುಸ್ತಕ ಹೊಗಳುವುದಲ್ಲ. ಮಾತು ಪುಸ್ತಕದೊಳಗೇ ಸುತ್ತತೊಡಗಿದಾಗ ಅದನ್ನು ಎದುರಿನ ವಸ್ತುವಿಗೆ ತಿರುಗಿಸುವುದು. “ಈ ಶಿಲ್ಪ ಕೆತ್ತಿದವನ ಹೆಸರು ಉಳಿದಿಲ್ಲ, ನಿಮ್ಮ ಕಥೆಯ ಕೂಲಿಯವನಿಗೂ ಹೆಸರಿಲ್ಲ, ಯಾಕೆ?” ಎಂಬಂಥ ನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡರೆ ಸಾಕು. ಕಲಬುರಗಿ-ಬೀದರಿನ ಸಭೆಯಲ್ಲಿ ಉರ್ದು, ತೆಲುಗು, ಮರಾಠಿ ಮಾತಾಡುವವರು ಇದ್ದೇ ಇರುತ್ತಾರೆ. ಓದುವ ಭಾಗದ ಸಾರವನ್ನು ಅರ್ಧ ಪುಟದಲ್ಲಿ ಉರ್ದುವಿನಲ್ಲೂ ಅಚ್ಚು ಹಾಕಿ ಕುರ್ಚಿಯ ಮೇಲಿಡಿ.

ಪ್ರಶ್ನೆಗೆ ಚೀಟಿ ಪದ್ಧತಿ ಒಳ್ಳೆಯದು. ಮೈಕ್ ಕೈಗೆ ಕೊಟ್ಟರೆ ಮೊದಲ ಪ್ರಶ್ನೆಯೇ ಹತ್ತು ನಿಮಿಷದ ಉಪನ್ಯಾಸವಾಗುವ ಸಂಭವ ಜಾಸ್ತಿ, ಹೆಣ್ಣುಮಕ್ಕಳು, ವಿದ್ಯಾರ್ಥಿಗಳು ಬಾಯಿ ಬಿಡುವುದಿಲ್ಲ. ಚೀಟಿಯ ಜೊತೆ ಪೆನ್ನು ಕೊಡಬೇಡಿ, ಪೆನ್ಸಿಲ್ ಕೊಡಿ. ಸಂಗ್ರಹಾಲಯದೊಳಗೆ ಶಾಯಿ ತರಬಾರದೆಂಬುದು ಹಲವು ಕಡೆಯ ಕಟ್ಟಳೆ.

ಪುಸ್ತಕದ ಮೇಜು, ಚಹಾ

ಮಾರಾಟ, ಸಹಿ, ಚಹಾ ಮೂರೂ ಹೊರಗೆ. 36 ಜನರಿಗೆ 15 ಪ್ರತಿ ತರಿಸಿ, ಉಳಿದರೆ ವಾಪಸು ಎಂಬ ಒಪ್ಪಂದ ಪ್ರಕಾಶಕರೊಂದಿಗೆ ಬರಹದಲ್ಲಿರಲಿ. ಮೇಜು ಹಾಕುವ ಮೊದಲು ಮೊಬೈಲ್ ಸಿಗ್ನಲ್ ನೋಡಿ. ದಪ್ಪ ಕಲ್ಲುಗೋಡೆಯ ಪಕ್ಕ ಫೋನ್‌ಪೇ ಸುತ್ತುತ್ತಲೇ ಇರುತ್ತದೆ, ಜನ ಪುಸ್ತಕ ಅಲ್ಲೇ ಇಟ್ಟು ಹೋಗುತ್ತಾರೆ. ಚಿಲ್ಲರೆಯೂ ಇರಲಿ. ಸಹಿಗೆ ಸಾಲು ನಿಂತವರ ಹೆಸರನ್ನು ಒಬ್ಬರು ಚೀಟಿಯಲ್ಲಿ ಬರೆದುಕೊಟ್ಟರೆ ಲೇಖಕರು ಪ್ರತಿಯೊಬ್ಬರನ್ನೂ ಕೇಳಬೇಕಿಲ್ಲ.

ಸುಸಲಾ-ಮಿರ್ಚಿ ಇಲ್ಲದೆ ಕಾರ್ಯಕ್ರಮ ಮುಗಿದಂತಾಗದು, ನಿಜ. ಆದರೆ ಎಣ್ಣೆಗೈಯಲ್ಲಿ ಯಾರೂ ಮತ್ತೆ ಒಳಗೆ ಹೋಗದಂತೆ, ತಿಂಡಿ ಬಡಿಸುವ ಮೊದಲು ಬಾಗಿಲು ಹಾಕಿಸಿ. 20 ಲೀಟರಿನ ಒಂದು ಕ್ಯಾನ್ ನೀರು ಚಳಿಗಾಲಕ್ಕೆ ಸಾಕು, ಬೇಸಿಗೆಗೆ ಎರಡು.

ಖಾಲಿ ಮಾಡುವಾಗ

ಸಾಮಾನು ಒಳಗೆ ತರುವ ಮುನ್ನ ಪ್ರತಿ ಗೋಡೆ, ಪೀಠ, ನೆಲದ ಫೋಟೊ ಕ್ಯುರೇಟರ್ ಎದುರಿಗೇ ತೆಗೆದಿಡಿ. ಎಲ್ಲ ಖಾಲಿಯಾದ ಮೇಲೆ ಅದೇ ಕೋನದಿಂದ ಮತ್ತೊಮ್ಮೆ ತೆಗೆಯಿರಿ. ಹಳೆಯ ಬಿರುಕು ನಿಮ್ಮ ತಲೆಗೆ ಕಟ್ಟದಿರಲು, ಹೊಸ ಗೀರು ಅಂದೇ ಗೊತ್ತಾಗಲು ಇದೊಂದೇ ದಾರಿ. ಸಾಮಾನು ಹೊರಗೊಯ್ಯುವ ಅವಸರದಲ್ಲೇ ಹೆಚ್ಚು ಪೆಟ್ಟಾಗುತ್ತದೆ. ಕುರ್ಚಿಯವರ ಟೆಂಪೊ ಕಾಯುತ್ತಿರುತ್ತದೆ, ಹುಡುಗರು ಹತ್ತು ಹತ್ತು ಕುರ್ಚಿ ಒಟ್ಟಿಕೊಂಡು ಓಡುತ್ತಾರೆ. ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಎತ್ತಬಾರದೆಂದು ಹೇಳಿ, ನಡುವಿನ ದಾರಿಯಲ್ಲೇ ಹೊರಡುವಂತೆ ಒಬ್ಬರು ನಿಂತು ನೋಡಿಕೊಳ್ಳಿ.

ವಾರದೊಳಗೆ ಇಲಾಖೆಗೆ ಒಂದು ಪುಟದ ವರದಿ ಕೊಡಿ: ಎಷ್ಟು ಜನ ಬಂದರು, ಎಷ್ಟು ಹೊತ್ತಿಗೆ ಖಾಲಿಯಾಯಿತು, ಫೋಟೊ ನಾಲ್ಕು. ಜೊತೆಗೆ ಲೇಖಕರ ಸಹಿಯಿರುವ ಒಂದು ಪ್ರತಿ ಸಂಗ್ರಹಾಲಯಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದ ಏಷ್ಯನ್ ಆರ್ಟ್ ಮ್ಯೂಸಿಯಂ 2003ರಿಂದ ಇರುವುದು ಆ ನಗರದ ಹಳೆಯ ಮುಖ್ಯ ಗ್ರಂಥಾಲಯದ ಕಟ್ಟಡದಲ್ಲಿ. ಪುಸ್ತಕವಿದ್ದ ಮನೆಗೆ ಶಿಲ್ಪಗಳು ಬಂದವು. ನಮ್ಮಲ್ಲಿ ಶಿಲ್ಪವಿರುವ ಮನೆಗೆ ಒಂದು ಕಪಾಟು ಪುಸ್ತಕ ಸೇರಿಸುವುದು ಅಷ್ಟೇನೂ ಕಷ್ಟವಲ್ಲ, ಪ್ರತಿ ಕಾರ್ಯಕ್ರಮಕ್ಕೊಂದರಂತೆ ಕೊಡುತ್ತ ಹೋಗಿ. ಮುಂದಿನ ಅರ್ಜಿಗೆ ಆ ಕಪಾಟಿನ ಫೋಟೊವನ್ನೇ ಲಗತ್ತಿಸಬಹುದು.